ಮಾವನ ಮನೆಯ ಫೋಟೋ ನಾಮಕರಣ

ನಮ್ಮ ಸೋದರಮಾವನನ್ನು ಬ್ರಹ್ಮನ ಕುರ್ಚಿಯಲ್ಲಿ ಕೂರಿಸಿದ್ದರೆ ಸೃಷ್ಟಿಯ ಕೆಲಸ ಇನ್ನೂ ಇರುವೆಯವರೆಗೂ ಬಂದಿರುತ್ತಿರಲಿಲ್ಲ. ಒಂದೊಂದು ಹುಲ್ಲುಕಡ್ಡಿಗೂ ಏನು ಶೀರ್ಷಿಕೆ ಕೊಡಲಿ ಎಂದು ಗಲ್ಲ ಕೆರೆದುಕೊಳ್ಳುತ್ತಾ ಕೂತಿರುತ್ತಿದ್ದರು! ಬ್ರಹ್ಮನ ಅದೃಷ್ಟ ಚೆನ್ನಾಗಿತ್ತು, ಮಾವ ಅಟ್ಲಾಂಟಾದ ಒಂದು ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್ ಆದರು. ಶೀರ್ಷಿಕೆ ಕೊಡುವ ಚಪಲವೆಲ್ಲ ಫೋಟೋಗಳ ಮೇಲೆ ತಿರುಗಿತು.

ತಪ್ಪು ಅವರದಲ್ಲ, ಕೆಲಸದ್ದು ಎಂದು ನಮ್ಮತ್ತೆ ಸಮರ್ಥಿಸುತ್ತಿದ್ದರು. ರೋಗಿಯ ಮೈಯಿಂದ ತೆಗೆದ ಚೂರನ್ನು ಗಾಜಿನ ಸ್ಲೈಡಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುವುದು ಅವರ ದಿನದ ಪಾಡು. ಲೇಬಲ್ ಇಲ್ಲದ ಸ್ಲೈಡ್ ಬಂದರೆ ಮೂಸಿಯೂ ನೋಡದೆ ವಾಪಸ್ ಕಳಿಸುತ್ತಾರಂತೆ. ಸರಿ, ಆಸ್ಪತ್ರೆಗೆ ಅದು ಬೇಕು. ಆದರೆ ನಾನು ಬಸುರಿಯಾಗಿದ್ದಾಗಿನ ಫೋಟೋ ಏನು ಪಾಪ ಮಾಡಿತ್ತು? ಹಣೆಯ ಮೇಲೆ 'ಹಣೆ' ಎಂದು ಬರೆದುಕೊಂಡು ಯಾರಾದರೂ ಓಡಾಡುತ್ತಾರೆಯೇ?

ಅದು ತೊಂಬತ್ತರ ದಶಕ. ನಾವು ಸೌತ್ ಕ್ಯಾರೊಲಿನಾದ ಫೋರ್ಟ್ ಮಿಲ್‌ನಲ್ಲಿ ಹೊಸದಾಗಿ ಸಂಸಾರ ಹೂಡಿದ್ದೆವು. ರೀಲು ತೊಳೆಸಲು ಕೊಟ್ಟರೆ ಅಂಗಡಿಯವರು ಎರಡೆರಡು ಪ್ರಿಂಟ್ ಹಾಕಿಕೊಡುತ್ತಿದ್ದ ಕಾಲ. ಒಂದು ಸೆಟ್ ಮನೆಗೆ, ಇನ್ನೊಂದು ಹಂಚುವುದಕ್ಕೆ. ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಅಟ್ಲಾಂಟಾಕ್ಕೆ ಹೋಗಿ, ಮಾವನ ಮನೆಯಲ್ಲಿ ಚೆನ್ನಾಗಿ ಉಂಡು ಬಂದರೆ, ಹಿಂದೆಯೇ ಅಂಚೆಯಲ್ಲಿ ಮಾವ ತೆಗೆದ ಫೋಟೋಗಳ ಹಂಚುವ ಸೆಟ್ ಬರುತ್ತಿತ್ತು. ಪ್ರತಿಯೊಂದು ಫೋಟೋದ ಕೆಳಗೂ ಒಂದು ಬಿಳಿ ಲೇಬಲ್, ಅದರ ಮೇಲೆ ಮಾವನ ದುಂಡು ಅಕ್ಷರ. ನಮ್ಮವರು ಬಾಯಿ ತೆರೆದು ದೋಸೆ ತಿನ್ನುತ್ತಿರುವ ಚಿತ್ರಕ್ಕೆ 'ಆರನೆಯ ದೋಸೆಯ ಅಂತ್ಯ'. ನಾನು ಬಿದ್ದು ಬಿದ್ದು ನಕ್ಕೆ. ಮುಂದಿನ ಫೋಟೋ ನನ್ನದು. ಅಟ್ಲಾಂಟಾದ ಪಕ್ಕದಲ್ಲಿ ಸ್ಟೋನ್ ಮೌಂಟನ್ ಎಂಬ ಒಂದು ಊರಗಲದ ಬಂಡೆಯಿದೆಯಲ್ಲ, ಅದರ ಮುಂದೆ ತುಂಬು ಬಸುರಿಯಾಗಿ ನಿಂತಿದ್ದೆ. ಶೀರ್ಷಿಕೆ: 'ಒಂದಕ್ಕೊಂದು ಸಾಟಿ'!

ನಮ್ಮವರ ನಗು ಆ ವಾರವೆಲ್ಲ ನಿಲ್ಲಲಿಲ್ಲ. ಸಾಲದ್ದಕ್ಕೆ ಅದರ ಇನ್ನೊಂದು ಪ್ರತಿಯನ್ನು ಮಾವ ಮೈಸೂರಿಗೆ, ನನ್ನ ಗಂಡನ ತಾಯಿಗೂ ಕಳಿಸಿದ್ದರು. ಅವರು ಅದನ್ನು ಶೋಕೇಸಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. ಫೋಟೋ ಅಲ್ಲ, ಶೀರ್ಷಿಕೆಯನ್ನು!

ಫೋನಿನಲ್ಲಿ ಜಗಳಕ್ಕೆ ನಿಂತೆ.

"ಮಾವ, ಫೋಟೋ ನೋಡಿದ್ರೆ ಗೊತ್ತಾಗಲ್ವಾ? ಶೀರ್ಷಿಕೆ ಯಾತಕ್ಕೆ?"

"ಹತ್ತು ವರ್ಷ ಆದ್ಮೇಲೆ ಯಾರು, ಎಲ್ಲಿ ಅಂತ ಹೇಗೆ ಗೊತ್ತಾಗಬೇಕು?"

"ನಿಮ್ಮ ಶೀರ್ಷಿಕೆಯಲ್ಲಿ ಯಾರು, ಎಲ್ಲಿ ಅಂತ ಬರೆದೇ ಇಲ್ವಲ್ಲ!"

"ಅದನ್ನ ಯಾಕೆ ಬರೀಬೇಕು? ಫೋಟೋ ನೋಡಿದ್ರೆ ಗೊತ್ತಾಗಲ್ವಾ?"

ಇಂಥವರ ಹತ್ತಿರ ವಾದ ಮಾಡಿ ಯಾರು ಗೆದ್ದಾರು, ಹೇಳಿ.

ದೀಪಾವಳಿಗೆ ಅವರ ಮನೆಯ ಬೇಸ್‌ಮೆಂಟಿನಲ್ಲಿ ಸ್ಲೈಡ್ ಶೋ. ಊಟಕ್ಕೆ ಮೊದಲು! ಊಟವಾದ ಮೇಲೆ ಇಟ್ಟರೆ ಜನ ಉಳಿಯುವುದಿಲ್ಲ ಎಂಬುದು ಮಾವನಿಗೆ ಗೊತ್ತಿತ್ತು. ಗೋಡೆಗೆ ಬಿಳಿ ಬೆಡ್‌ಶೀಟ್. ಪ್ರೊಜೆಕ್ಟರಿನ ಕಣ್ಣಿಗೆ ಮಾವ ಅಂಗೈ ಅಡ್ಡ ಹಿಡಿದು ಮೊದಲು ಶೀರ್ಷಿಕೆ ಹೇಳುತ್ತಿದ್ದರು, ಅದು ನಮ್ಮೊಳಗೆ ಇಳಿಯಲಿ ಎಂದು ಸ್ವಲ್ಪ ಕಾಯುತ್ತಿದ್ದರು, ಆಮೇಲೆ ಕೈ ತೆಗೆಯುತ್ತಿದ್ದರು. ಮೇಲಿನಿಂದ ಬಿಸಿಬೇಳೆಬಾತಿನ ಪರಿಮಳ ಮೆಟ್ಟಿಲಿಳಿದು ಬರುತ್ತಿರುವಾಗ ಕತ್ತಲಲ್ಲಿ ಮಾವನ ಗಂಭೀರ ದನಿ: "ಹಿಂದಿರುಗದವರು."

ಕೈ ತೆಗೆದರು. ಒಂದು ಜಲಪಾತ.

"ಯಾರ್ರೀ ಅದು ಪಾಪ, ಹಿಂದಿರುಗದವರು?" ಎಂದು ಮುಂದೆ ಕೂತಿದ್ದ ಡಾಕ್ಟರ್ ಆಂಟಿಯೊಬ್ಬರು ಗಾಬರಿಯಾದರು.

"ನೀರಿನ ಹನಿಗಳು," ಎಂದರು ಮಾವ.

"ಅಯ್ಯೋ, ಅದು ನಯಾಗರಾ ಕಣ್ರೀ," ಎಂದರು ಅತ್ತೆ, ಮೆಟ್ಟಿಲ ಮೇಲಿಂದಲೇ. "ಎಲ್ರೂ ಹಿಂದಿರುಗಿದ್ವಿ. ಚಿತ್ರಾನ್ನ ಕಾರಲ್ಲೇ ಮರೆತು ಹಸ್ಕೊಂಡು ಹಿಂದಿರುಗಿದ್ವಿ. ಈಗ ಊಟಕ್ಕೆ ಏಳಿ!"

ಇದಕ್ಕಿಂತ ದೊಡ್ಡ ಅನಾಹುತ ಆ ಬೇಸಿಗೆಯಲ್ಲಿ ನಡೆದಿತ್ತು. ದೇವಸ್ಥಾನದ ಕಟ್ಟಡ ನಿಧಿಗೆಂದು ಕನ್ನಡದವರೆಲ್ಲ ಸೇರಿ ಒಂದು ಸಂಜೆ ಇಟ್ಟುಕೊಂಡಿದ್ದರು. ಬಾಗಿಲಲ್ಲಿ ಒಂದು ಬೋರ್ಡಿಗೆ ಮಾವನ ಫೋಟೋಗಳನ್ನು ಅಂಟಿಸುವುದು ಎಂದಾಯಿತು. ಜಾರ್ಜಿಯಾದ ಬಿಸಿಲು, ಮುಚ್ಚಿದ ಕಾರಿನ ಹಿಂದಿನ ಸೀಟು. ಲೇಬಲ್ಲುಗಳೆಲ್ಲ ಸುರುಳಿ ಸುತ್ತಿ ಉದುರಿದ್ದವು. ಅತ್ತೆ ಗಡಿಬಿಡಿಯಲ್ಲಿ ಸಿಕ್ಕಿದ್ದನ್ನು ಸಿಕ್ಕಲ್ಲಿಗೆ ಅಂಟಿಸಿಬಿಟ್ಟರು. ಭಟ್ಟರು ಕಳಶ ಹಿಡಿದು ನಿಂತಿದ್ದ ಫೋಟೋದ ಕೆಳಗೆ 'ಆರನೆಯ ದೋಸೆಯ ಅಂತ್ಯ'! ಯಾರೂ ನಗಲಿಲ್ಲ. "ಎಷ್ಟು ಗೂಢವಾಗಿದೆ ನೋಡ್ರೀ," ಎಂದು ಇಬ್ಬರು ಹಿರಿಯರು ತಲೆದೂಗಿದರು. ನಮ್ಮವರು ದೋಸೆ ತಿನ್ನುತ್ತಿದ್ದ ಫೋಟೋಕ್ಕೆ ಬಿದ್ದದ್ದು 'ಶಿಲಾನ್ಯಾಸ'.

ಅದು ಮಾತ್ರ ಅತ್ತೆಗೆ ಹಿಡಿಸಲಿಲ್ಲ. ದೋಸೆ ಅವರದ್ದು.

ಊರೆಲ್ಲ ಹೀಗೆ ನಗುತ್ತಿದ್ದರೂ ಮಾವನ ಮನೆಯಲ್ಲೇ ಒಬ್ಬರಿಗೆ ನಗು ಬರುತ್ತಿರಲಿಲ್ಲ. ಅವರ ಒಬ್ಬಳೇ ಮಗಳಿಗೆ. ಅಲ್ಲೇ ಹುಟ್ಟಿ ಬೆಳೆದವಳು, ಸೌತ್ ಕ್ಯಾರೊಲಿನಾದ ಕಾಲೇಜಿನಲ್ಲಿ ಬಯಾಲಜಿ ಓದುತ್ತಾ ಜೊತೆಗೆ ಫೋಟೋಗ್ರಫಿ ಕ್ಲಾಸಿಗೂ ಸೇರಿದ್ದಳು. ರಜೆಯಲ್ಲಿ ಮನೆಗೆ ಬಂದಾಗ, ತಾನೇ ಕತ್ತಲಕೋಣೆಯಲ್ಲಿ ತೊಳೆದು ಪ್ರಿಂಟ್ ಹಾಕಿದ ಮೊದಲ ಚಿತ್ರವನ್ನು ಅಪ್ಪನ ಕೈಗೆ ಕೊಟ್ಟಳು. ಮಳೆ ನಿಂತ ಪಾರ್ಕಿಂಗ್ ಲಾಟ್, ನಡುವೆ ಯಾರೋ ಬಿಟ್ಟುಹೋದ ಒಂದು ಶಾಪಿಂಗ್ ಕಾರ್ಟ್. ಮಾವ ಕನ್ನಡಕ ಏರಿಸಿದರು, ಒಳಗೆ ಹೋದರು, ಲೇಬಲ್ ಅಂಟಿಸಿಕೊಂಡು ಬಂದರು: 'ಮಾವನ ಮನೆಯಿಂದ ಹೊರಬಿದ್ದ ಅಳಿಯ'. ಹುಡುಗಿ ಫೋಟೋ ಕಿತ್ತುಕೊಂಡು ಹೋದಳು. ಅವತ್ತಿನಿಂದ ಅಪ್ಪನಿಗೆ ತನ್ನ ಒಂದೇ ಒಂದು ಚಿತ್ರವನ್ನೂ ತೋರಿಸಲಿಲ್ಲ.

ಮಾವ ಹೊರಗೆ ಜೋಕು ಹೊಡೆಯುತ್ತಿದ್ದರು. ಆದರೆ ನನಗೆ ಫೋನ್ ಮಾಡಿದಾಗಲೆಲ್ಲ, ಅದೂ ಇದೂ ಮಾತಾಡಿ, ಇಡುವ ಹೊತ್ತಿಗೆ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು: "ಅವಳು ನಿನಗೇನಾದ್ರೂ ಫೋಟೋ ತೋರಿಸಿದ್ಲಾ ಮಗು? ಚೆನ್ನಾಗಿ ತೆಗೀತಾಳಾ?"

ಓದು ಮುಗಿಯುವ ವರ್ಷದ ವಸಂತದಲ್ಲಿ ಕಾಲೇಜಿನಲ್ಲಿ ಅವಳ ಚಿತ್ರಗಳ ಪ್ರದರ್ಶನ ಏರ್ಪಾಡಾಯಿತು. ನನಗೆ ಫೋನ್ ಬಂತು.

"ಅಕ್ಕ, ನೀನು ಬಾ. ಅಮ್ಮ ಬರಲಿ. ಅಪ್ಪ ಕೂಡ ಬರಬಹುದು. ಬಟ್ ನೋ ಟೈಟಲ್ಸ್. ಒಂದು ಟೈಟಲ್ ಹೇಳಿದ್ರೆ, ಹಿ ಈಸ್ ಔಟ್. ಐ ಮೀನ್ ಇಟ್, ಅಕ್ಕ."

ಮಾವ ನಮ್ಮ ಮನೆಗೆ ಬಂದಿಳಿದು ದೇವರ ಫೋಟೋದ ಮುಂದೆ ಕೈಯೆತ್ತಿ ಪ್ರಮಾಣ ಮಾಡಿದರು. ನನಗೆ ನಂಬಿಕೆ ಬರಲಿಲ್ಲ. ಅತ್ತೆಗೂ ಬಂದಿರಲಿಲ್ಲವೆಂದು ಕಾಣುತ್ತದೆ, ಬ್ಯಾಗಿನ ತುಂಬ ಕಲ್ಲುಸಕ್ಕರೆ ತಂದಿದ್ದರು. ಮಾವ ಬಾಯಿ ತೆರೆದರೆ ಅದರೊಳಕ್ಕೆ ಒಂದು ತುಂಡು ಹಾಕುವುದು ಎಂದು ನಾವಿಬ್ಬರೂ ಕಾರಿನಲ್ಲೇ ಮಾತಾಡಿಕೊಂಡೆವು.

ಗ್ಯಾಲರಿಯ ಬಿಳಿ ಗೋಡೆಗಳ ತುಂಬ ಕಪ್ಪುಬಿಳುಪು ಚಿತ್ರಗಳು. ಪ್ರತಿಯೊಂದರ ಪಕ್ಕದಲ್ಲೂ ಒಂದು ಪುಟ್ಟ ಕಾರ್ಡ್. ಕಾರ್ಡ್ ಕಂಡದ್ದೇ ಮಾವನ ಮುಖ ಅರಳಿತು. ಹತ್ತಿರ ಹೋಗಿ ಓದಿದರು. ಮುಂದಿನದು ಓದಿದರು. ನನ್ನ ತೋಳು ಹಿಡಿದು ಕಿವಿಯಲ್ಲಿ ಪಿಸುಗುಟ್ಟಿದರು: "ಅನ್ಯಾಯ ಕಣೇ! ಲೇಬಲ್ ಇದೆ. ಲೇಬಲ್ ಮೇಲೆ 'ಅನ್‌ಟೈಟಲ್ಡ್' ಅಂತಿದೆ. ಶೀರ್ಷಿಕೆ ಇಲ್ಲ ಅಂತ ಹೇಳೋದಕ್ಕೆ ಒಂದು ಲೇಬ..."

ಅತ್ತೆ ಕಲ್ಲುಸಕ್ಕರೆ ಹಾಕಿದರು.

ಲಾಂಡ್ರಿಯಲ್ಲಿ ನಿದ್ದೆ ಹೋದ ಮುದುಕ. ಮುಚ್ಚಿದ ಪೀಚ್ ಹಣ್ಣಿನ ಅಂಗಡಿ. ಒಂದೊಂದರ ಮುಂದೆಯೂ ಮಾವನ ತುಟಿ ಅಲುಗುತ್ತಿತ್ತು, ಅತ್ತೆಯ ಕೈ ಬ್ಯಾಗಿಗೆ ಹೋಗುತ್ತಿತ್ತು. ಟೋಪಿ ಹಾಕಿದ ಅಮೆರಿಕನ್ ಒಬ್ಬರು ಬಂದು, ಈ ಚಿತ್ರದ ಬಗ್ಗೆ ನಿಮಗೇನನ್ನಿಸುತ್ತದೆ ಎಂದು ಕೇಳಿದರು. ಎರಡೂ ಕೆನ್ನೆಯಲ್ಲಿ ಕಲ್ಲುಸಕ್ಕರೆ ತುಂಬಿಕೊಂಡಿದ್ದ ಮಾವ, "ಮ್ಮ್," ಎಂದರು. ಆತ ಬಹಳ ಹೊತ್ತು ಯೋಚಿಸಿ, ನಿಜ ನಿಜ ಎಂದು ಹೇಳಿ ಕೈ ಕುಲುಕಿ ಹೋದರು!

ಕೊನೆಯ ಗೋಡೆಗೆ ಬಂದೆವು. ಅತ್ತೆಯ ಅಡುಗೆಮನೆಯ ಒಂದು ಕುರ್ಚಿ. ಅದರ ಬೆನ್ನಿಗೆ ಆಸ್ಪತ್ರೆಯ ಬಿಳಿ ಕೋಟು ನೇತುಹಾಕಿದೆ. ಮೇಜಿನ ಮೇಲೆ ತಟ್ಟೆ ಮುಚ್ಚಿಟ್ಟ ಊಟ. ಅಷ್ಟೇ. ಅತ್ತೆಯ ಕೈ ಬ್ಯಾಗಿಗೆ ಹೋಯಿತು. ಆದರೆ ಮಾವನ ತುಟಿ ಅಲುಗಲಿಲ್ಲ. ಕೈ ಹಿಂದೆ ಕಟ್ಟಿ ನಿಂತೇ ಇದ್ದರು. ಶೀರ್ಷಿಕೆ ಯೋಚಿಸದೆ ಮಾವ ಒಂದು ಫೋಟೋ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಷ್ಟರಲ್ಲಿ ಸ್ನೇಹಿತರು "ಮ್ಯಾಂಡಿ! ಮ್ಯಾಂಡಿ!" ಎಂದು ಕರೆಯುತ್ತಿದ್ದರೂ ಅವರನ್ನು ಬಿಟ್ಟು ಮಗಳು ಬಂದಳು. ದೂರದಿಂದ ಅಪ್ಪನನ್ನೇ ನೋಡುತ್ತಿದ್ದಳೆಂದು ಕಾಣುತ್ತದೆ.

"ಅಪ್ಪ, ನೀನು ಏನೂ ಹೇಳ್ಲಿಲ್ಲ."

"ಹೇಳ್ಬಾರ್ದು ಅಂದಿದ್ಯಲ್ಲಮ್ಮ."

"ಚೆನ್ನಾಗಿಲ್ವಾ?"

"ನೋಡ್ತಾ ಇದೀನಿ. ಇನ್ನೂ ಮುಗಿದಿಲ್ಲ."

ಹುಡುಗಿ ಉಗುರು ಕಚ್ಚಿಕೊಂಡಳು. "ಓಕೆ. ಇದು ಒಂದಕ್ಕೆ ಮಾತ್ರ ಟೈಟಲ್ ಕೊಡು. ಐ ವೋಂಟ್ ಬಿ ಮ್ಯಾಡ್," ಎಂದಳು.

ಎಂಥ ಅವಕಾಶ! ಮಾವ ಬೇಡವೆಂದು ತಲೆಯಾಡಿಸಿದರು.

"ನಾನು ಕೊಡೋದನ್ನ ಆವಾಗ್ಲೇ ಕೊಟ್ಟಾಗಿದೆಯಲ್ಲಮ್ಮ," ಎಂದು ಕಾರ್ಡಿನ ಎರಡನೆಯ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ಚಿತ್ರ ತೆಗೆದವಳ ಹೆಸರಿತ್ತು. ಕಾಲೇಜಿಗೆಲ್ಲ ಮ್ಯಾಂಡಿ ಆಗಿದ್ದವಳು ಅಲ್ಲಿ ಪೂರ್ತಿಯಾಗಿ ಬರೆದಿದ್ದಳು: ಮಂದಾಕಿನಿ. "ನೀನು ಹುಟ್ಟಿದ ಹನ್ನೊಂದನೇ ದಿನ ಅಕ್ಕಿ ಮೇಲೆ ಬರೆದಿದ್ದೆ. ಇವತ್ತು ನೋಡು, ಎಲ್ಲ ಫೋಟೋದ ಪಕ್ಕದಲ್ಲೂ ಇದೆ. ನನಗೆ ಇನ್ನೇನು ಬೇಕು?"

ನನಗೆ ಅಳು ಬಂತು, ಮುಚ್ಚಿಡುವುದೇನು. ಅತ್ತೆ ಆಗಲೇ ಸೆರಗು ಕಣ್ಣಿಗೊತ್ತಿಕೊಂಡಿದ್ದರು. ಮಂದಾಕಿನಿ ಅಪ್ಪನ ಕೈ ಹಿಡಿದುಕೊಂಡು, ಬಾಗಿಲ ಪಕ್ಕದ ಮೊದಲನೆಯ ಫೋಟೋದ ಹತ್ತಿರ ವಾಪಸ್ ಕರೆದುಕೊಂಡು ಹೋಗಿ, ಒಂದೊಂದಾಗಿ ತೋರಿಸಲು ಶುರುಮಾಡಿದಳು.