ಯಮನ ಪಾಲು ಉಳಿಸಿದ ಮಾವ

ನಮ್ಮ ಸೋದರಮಾವ ಪಂದ್ಯಕ್ಕೆ ಕೂತು ತಿಂದ ದೋಸೆ ಮೂರಡಿಯದೋ ಐದಡಿಯದೋ, ನನಗೀಗ ಖಾತ್ರಿಯಿಲ್ಲ. ಹೇಳಿದಾಗಲೆಲ್ಲ ಅದು ಒಂದು ಗೇಣು ಬೆಳೆಯುತ್ತಿದೆ. ಸಾಕ್ಷಿಯಿಲ್ಲದ್ದನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಈ ವಿಷಯಕ್ಕೆ ಇರುವ ಒಬ್ಬನೇ ಸಾಕ್ಷಿಯೂ ನಾನೇ, ಆ ಮನುಷ್ಯನ ಮೇಲೆ ನನಗೆ ನಂಬಿಕೆಯಿಲ್ಲ! ಇಷ್ಟು ಮಾತ್ರ ಹೇಳಬಲ್ಲೆ: ಚೆನ್ನೈಯ ಹೋಟೆಲಿನವರು ಹೆದರಬೇಕಾದ ಒಬ್ಬರಿದ್ದರೆ ಅವರು ಕೊಡೆಯ ಕಡ್ಡಿಯಂತಿರುವ ಈ ನಿವೃತ್ತ ಗುಮಾಸ್ತರು.

‘ಅರ್ಧ ಗಂಟೆಯಲ್ಲಿ ಮುಗಿಸಿದರೆ ಬಿಲ್ಲಿಲ್ಲ’ ಎಂಬ ಬೋರ್ಡು ಕಂಡರೆ ಮಾವ ಒಳಗೆ. ಓಆರ್‌ಎಸ್ ಪೊಟ್ಟಣ ಹಿಡಿದು ನಾನು ಹಿಂದೆ. ಅದೂ ಯಾವಾಗ? ಮನೆಯಲ್ಲಿ ಅತ್ತೆ ಕ್ಯಾನ್ಸರ್ ಚಿಕಿತ್ಸೆಯಿಂದ ನಾಲಿಗೆಯ ರುಚಿಯನ್ನೇ ಕಳೆದುಕೊಂಡು, ಗಂಜಿಯನ್ನೂ ದೂರ ತಳ್ಳಿ ಮಲಗಿದ್ದಾಗ! ತೂಕ ಏರದೆ ಮುಂದಿನ ಇಂಜೆಕ್ಷನ್ ಕೊಡುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೆಂಡತಿಗೆ ತುತ್ತು ಇಳಿಯದಿರುವಾಗ ಗಂಡನಾದವನು ಊರೆಲ್ಲ ಉಂಡು ತಿರುಗುವುದೇ? ಹೇಳಿ ಹೇಳಿ ನನಗೇ ಸುಸ್ತಾಗಿತ್ತು.

ಪೆರುಂಗುಡಿಯ ಒಂದು ಹೋಟೆಲಿನಲ್ಲಿ ಬಾಳೆಲೆಯ ಮೇಲೆ ಅನ್ನದ ಗುಡ್ಡ ಬಂತು. ಗಡಿಯಾರ ಓಡತೊಡಗಿದರೂ ಮಾವ ಸಾವಕಾಶವಾಗಿ ಎಲೆಯ ಸುತ್ತ ನೀರು ಬಿಟ್ಟು, ಪಕ್ಕದಲ್ಲಿ ಒಂದಷ್ಟು ಅಗುಳು ಚಿತ್ರಾಹುತಿ ಇಟ್ಟು, ಆಮೇಲೆ ಗುಡ್ಡಕ್ಕೆ ಕೈ ಹಾಕಿದರು. ಗುಡ್ಡ ಕರಗಿತು! ಆದರೆ ಸೂಪರ್‌ವೈಸರ್ ಆ ಅಗುಳುಗಳತ್ತ ಬೆರಳು ತೋರಿದ. “ಸಾರ್, ಇದು ಮಿಚ್ಚಂ ಇರುಕ್ಕೇ!” ಒಂದಗುಳು ಉಳಿದರೂ ಸೋಲು.

“ಅದು ಯಮನ ಪಾಲು ಮಾರಾಯ! ತಿಂದ್ರೆ ಅವ ಸುಮ್ಮನೆ ಬಿಡ್ತಾನಾ?”

“ಯಮನ್ ಪೇರ್ ಕೊಡುಕ್ಕಲೈಯೇ ಸಾರ್!”

ಯಮ ಪಂದ್ಯಕ್ಕೆ ಹೆಸರು ಕೊಟ್ಟಿರಲಿಲ್ಲ, ನಿಜ. ಮಾವನ ಹೊಟ್ಟೆ ನೋಡಿದರೆ ಬಂದು ಕೊಡುವ ಹಾಗಿದ್ದ.

ಬೆಸೆಂಟ್ ನಗರದಲ್ಲಿ ಬೆಂಕಿಯಂಥ ನೂಡಲ್ಸ್. ಎರಡನೆಯ ತುತ್ತಿಗೇ ಮಾವನ ಕಿವಿ ಕೆಂಪಾಗಿ, ಕಣ್ಣುಮೂಗೆಲ್ಲ ಒಂದಾಗಿ ಸುರಿಯಿತು. ಆಮೇಲೆ ಕಡಲತೀರದಲ್ಲಿ ಕೂರಿಸಿ ಮೊಸರು ಕುಡಿಸಿದೆ.

“ಹೊಟ್ಟೆ ಅಂದ್ರೆ ಏನು ರಬ್ಬರಾ ಮಾವ? ಜೀವ ಹೋಗ್ತದೆ ಒಂದಿನ!”

“ಆ ಪಕ್ಕದ ಮೇಜಿನ ಹುಡುಗಿಯರು ಚಪ್ಪಾಳೆ ತಟ್ಟಿದ್ದು ಕಂಡ್ಯಾ?”

“ನಿಮ್ಮ ಮುಖ ನೋಡಿ ನಕ್ಕದ್ದು ಅವರು.”

“ನಗ್ಲಿ. ನಗಿಸೂದು ಸಣ್ಣ ಕೆಲಸವಾ?”

ಅದೂ ಸರಿಯೇ. ಇಡೀ ನೌಕರಿಯಲ್ಲಿ ಈ ಮನುಷ್ಯನಿಗೆ ಯಾರು ಚಪ್ಪಾಳೆ ತಟ್ಟಿದ್ದರು? ನೂರು ಮಂದಿ ಸುತ್ತ ನಿಂತು ‘ಇನ್ನೊಂದು, ಇನ್ನೊಂದು’ ಎಂದು ಕೂಗಿದರೆ, ಸಾಕು ಎನ್ನುವ ಹೊಟ್ಟೆಯ ಮಾತು ಯಾರ ಕಿವಿಗೆ ಬೀಳುತ್ತದೆ?

ಗಿಂಡಿ ಬಡಾವಣೆಯಲ್ಲಿ ಸಕ್ಕರೆ ಕಾಯಿಲೆಯ ಮಾವ ಜಾಮೂನಿನ ಪಂದ್ಯಕ್ಕೆ ಕೂತರು. ಬೇಡವೆಂದು ಅಂಗಿ ಹಿಡಿದೆಳೆದೆ. ಗುಂಡಿ ಕಿತ್ತು ಬಂತು, ಮಾವ ಬರಲಿಲ್ಲ. ಅಲ್ಲೇ ಕುಸಿದರು. ಆಸ್ಪತ್ರೆ, ಡ್ರಿಪ್, ಡಾಕ್ಟರ ಬೈಗುಳ.

ಮರುದಿನ ನನ್ನ ತೋಳು ಹಿಡಿದು ಅತ್ತೆ ಬಂದರು. ಸರಿಯಾಗಿ ಝಾಡಿಸುತ್ತಾರೆಂದು ಕಾದೆ. ಅವರು ಮಂಚದ ಬದಿ ಕೂತು ಇಡ್ಲಿಯ ಡಬ್ಬಿ ತೆರೆದರು.

“ಎಂತಾಯ್ತು ಈ ಸಲ? ಮೊದಲಿಂದ ಹೇಳಿ.”

ಡ್ರಿಪ್ಪಿನ ಕೈಯನ್ನೇ ಆಡಿಸುತ್ತ ಮಾವ ಶುರುಮಾಡಿದರು. ಜಾಮೂನು ಜಾರಿ ತೀರ್ಪುಗಾರನ ಜೇಬಿಗೆ ಬಿದ್ದ ಕಡೆಗೆ ಬಂದಾಗ ಅತ್ತೆ ನಕ್ಕರು. ನಗುವಿನ ನಡುವೆ ಒಂದು ತುಂಡು ಇಡ್ಲಿ ಬಾಯಿಗೆ ಹೋಯಿತು. ಆಮೇಲೆ ಇನ್ನೊಂದು.

“ಇವರು ಪಂದ್ಯದ ಕಥೆ ಹೇಳುವಾಗ ಮಾತ್ರ ಇಳೀತದೆ ಮಗಾ” ಎಂದರು ನನಗೆ. “ಹಳೆಯದಾದ್ರೆ ಆಗೂದಿಲ್ಲ.”

ಅತ್ತೆ ಕೈ ತೊಳೆಯಲು ಎದ್ದಾಗ ಮಾವನ ಕಿವಿಯಲ್ಲಿ ಕೇಳಿದೆ: “ಸುಳ್ಳೇ ಕಟ್ಟಿ ಹೇಳಬಹುದಿತ್ತಲ್ಲ?”

“ಹೇಳಿ ನೋಡಿದೆ. ಅವಳಿಗೆ ಗೊತ್ತಾಗ್ತದೆ ಮಾರಾಯ. ತಟ್ಟೆ ದೂಡ್ತಾಳೆ.”

ಜಾಮೂನು ನಿಜಕ್ಕೂ ಜೇಬಿಗೆ ಬಿತ್ತೋ, ನಾನು ಅಲ್ಲೇ ಇದ್ದರೂ ಹೇಳಲಾರೆ. ಆದರೆ ಒಂದನ್ನು ಆಮೇಲೆ ಡಾಕ್ಟರನ್ನೇ ಕೇಳಿ ಖಚಿತಪಡಿಸಿಕೊಂಡಿದ್ದೇನೆ: ಆ ತಿಂಗಳು ಅತ್ತೆಯ ತೂಕ ಏರಿತ್ತು.