ಅಳಿಸಿಹೋದ ಏಳನೆಯ ಹಾಡಿನ ಬಗ್ಗೆ

ದಿನಾಂಕ: ಚಾಂದ್ರಮಾನ ಒಂಬತ್ತನೇ ತಿಂಗಳ ಒಂದನೇ ದಿನ, ಬೆಳಿಗ್ಗೆ

ಇಂದ,
ಶಿಯಾವ್ ತಿಂಗ್‌ಮು, ವಯಸ್ಸು 67
ನಿವೃತ್ತ ರೈಲ್ವೆ ಟಿಕೆಟ್ ಗುಮಾಸ್ತ
14ನೇ ನಂಬರಿನ ಮನೆ, ಎರಡನೇ ಮಹಡಿ
ಉಪ್ಪಿನ ಗೋದಾಮಿನ ಓಣಿ, ಚಿಯಾಯಿ ನಗರ, ತೈವಾನ್
ಹುಟ್ಟಿದ ಘಳಿಗೆ: ಕೋಳಿಯ ಹೊತ್ತು, ಅಂದರೆ ಸಂಜೆ ಐದರಿಂದ ಏಳರೊಳಗೆ (ತಾಯಿಯವರ ಹೇಳಿಕೆಯಂತೆ, ದಾಖಲೆ ಇಲ್ಲ)

ಗೆ,
ಶ್ರೀ ತೂದಿಗೋಂಗ್ ಸ್ವಾಮಿಯವರು
ಓಣಿಯ ಕ್ಷೇತ್ರಪಾಲರು
ಆಲದ ಮರದ ಬುಡದ ಗುಡಿ, ಅದೇ ಓಣಿ

ವಿಷಯ: ಹಳೆಯ ಲ್ಯಾಪ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ಪತ್ನಿಯ ಹಾಡುಗಳನ್ನು ಅಳಿಸಿದ್ದರ ಬಗ್ಗೆ, ಹಾಗೂ ಆ ಸಂಬಂಧ ಒಂದು ಮಾತನ್ನು ಎರಡನೇ ಸಲ ಹೇಳಲು ಅನುಮತಿ ಕೋರಿ.

ಉಲ್ಲೇಖ: 1. ಕಳೆದ ತಿಂಗಳ ಹದಿನೈದರಂದು ತಮ್ಮ ಸನ್ನಿಧಿಯಲ್ಲಿ ಸಲ್ಲಿಸಿದ ಮೌಖಿಕ ಮನವಿ.
2. ಸದರಿ ಮನವಿಗೆ ತಮ್ಮ ಉತ್ತರ: ಪ್ರಶ್ನೆ ಕೇಳುವ ಜೋಡಿ ಮರದ ತುಂಡುಗಳನ್ನು ಮೂರು ಸಲ ಉರುಳಿಸಿದಾಗ ಮೂರು ಸಲವೂ ಎರಡೂ ಅಂಗಾತ ಬಿದ್ದವು. ಅಂದರೆ ತಾವು ನಕ್ಕಿರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಘನ ಗಮನಕ್ಕೆ ತರಬಯಸುವುದೇನೆಂದರೆ:

1. ಅರ್ಜಿದಾರನ ಪತ್ನಿ ಶ್ರೀಮತಿ ಲಿಯೆನ್‌ಚಿಯವರು ಹಿರಿಯ ನಾಗರಿಕರ ಹಬ್ಬದ ಹಾಡಿನ ಸ್ಪರ್ಧೆಗೆ ತಯಾರಾಗುತ್ತಿದ್ದರು. ಅವರಿಗೆ ಪದಗಳು ದೊಡ್ಡದಾಗಿ ಕಾಣಲಿ ಎಂಬ ಸದುದ್ದೇಶದಿಂದ ಅರ್ಜಿದಾರ ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡು ತಂದ. ಉದ್ದೇಶ ಒಳ್ಳೆಯದಿತ್ತು ಎಂಬುದನ್ನು ಮೊದಲೇ ದಾಖಲಿಸಿಕೊಳ್ಳಬೇಕು, ಏಕೆಂದರೆ ಮುಂದೆ ಎಲ್ಲಿಯೂ ಅದಕ್ಕೆ ಸಾಕ್ಷ್ಯ ಸಿಗುವುದಿಲ್ಲ.

2. ಸದರಿ ಯಂತ್ರ ತೆರೆದುಕೊಳ್ಳಲು ಚಹಾದ ನೀರಿನಲ್ಲಿ ಮೊಟ್ಟೆ ಬೇಯುವಷ್ಟು ಹೊತ್ತು ಹಿಡಿಯುತ್ತಿತ್ತು. ತೆರೆದ ಮೇಲೆ, ಹಿಂದಿನ ಮಾಲೀಕರ ಕೃಪೆಯಿಂದ, "ಸ್ವಾಗತ, ನನ್ನ ಮುದ್ದು ಹಂದಿಮರಿ" ಎಂದು ಬರೆದು ತೋರಿಸುತ್ತಿತ್ತು. ಪತ್ನಿಯವರು ಪ್ರತಿದಿನ ಬೆಳಿಗ್ಗೆ ಇದನ್ನು ಗಟ್ಟಿಯಾಗಿ ಓದಿ, "ಮುದಿ ಕೋತಿ, ನಿನ್ನನ್ನೇ ಕರೀತಿದೆ ನೋಡು" ಎನ್ನುತ್ತಿದ್ದರು. ಕಾರಣ, ಹಳೆಯದನ್ನೆಲ್ಲ ಒರೆಸಿ ಹೊಸ ಸಿಸ್ಟಮ್ ಹಾಕುವುದು ಅನಿವಾರ್ಯವಾಯಿತು.

3. ರಿಪೇರಿ ಅಂಗಡಿಯ ಅ-ತ್ಸುಂಗ್ ಸ್ಪಷ್ಟವಾಗಿಯೇ ಹೇಳಿದ್ದ. ಅವನ ಮೇಲೆ ಯಾವ ದೂರೂ ಇಲ್ಲ.
"ದೊಡ್ಡಪ್ಪ, ಇದೇನು ಬ್ರಹ್ಮವಿದ್ಯೆ ಅಲ್ಲ. ಒಂದು ಪೆನ್‌ಡ್ರೈವ್ ತನ್ನಿ, ಸಿಸ್ಟಮ್ ತುಂಬಿಸಿಕೊಡ್ತೀನಿ. ಆದ್ರೆ ಅದರಲ್ಲಿರೋದೆಲ್ಲ ಅಳಿಸಿಹೋಗುತ್ತೆ. ಖಾಲಿ ಇದ್ಯಾ ಅಂತ ನೋಡ್ಕೊಂಡು ತನ್ನಿ."
ಅರ್ಜಿದಾರ ಅಡುಗೆಮನೆಯ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡು, ಸತ್ತ ಬ್ಯಾಟರಿಗಳ ನಡುವೆ ಸಿಕ್ಕ ಒಂದು ಕೆಂಪು ಪೆನ್‌ಡ್ರೈವ್ ಒಯ್ದುಕೊಟ್ಟ.
"ಖಾಲಿ ತಾನೆ, ದೊಡ್ಡಪ್ಪ?"
"ಖಾಲಿ, ಖಾಲಿ. ಹಾಕಪ್ಪ ನೀನು."
ನೋಡಿರಲಿಲ್ಲ. ಮೂವತ್ತೊಂದು ವರ್ಷ ಪ್ರತಿ ಟಿಕೆಟನ್ನೂ ಎರಡೆರಡು ಸಲ ನೋಡಿ ಕೊಟ್ಟವನು ಇದನ್ನು ಮಾತ್ರ ನೋಡಲಿಲ್ಲ.

4. ತಾವು ಬಲ್ಲಂತೆ ಈ ದೇಶದಲ್ಲಿ ಯಾವ ಯಂತ್ರವೂ ಅದರ ಮೇಲೆ ತೆಂಗಿನ ರುಚಿಯ ಕುರುಕಲಿನ ಹಸಿರು ಪೊಟ್ಟಣ ಇಡದೆ ಹೇಳಿದ ಮಾತು ಕೇಳುವುದಿಲ್ಲ. ಹಳದಿ ಪೊಟ್ಟಣ ನಡೆಯದು. ಅವಧಿ ಮೀರಿದ್ದು ನಡೆಯದು. ಕೆಲಸ ಮುಗಿಯುವ ತನಕ ಅದನ್ನು ಮುಟ್ಟುವಂತೆಯೇ ಇಲ್ಲ. ಅರ್ಜಿದಾರ ನಿಯಮದಂತೆ ಪೊಟ್ಟಣ ಇಟ್ಟು, ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೆಲಸ ಶುರುಮಾಡಿದ. ಹತ್ತೂವರೆಗೆ ಪರದೆಯ ಮೇಲೆ ಶೇಕಡಾ 67 ಎಂದಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ಒಂದೇ ಒಂದು ತೆಗೆದುಕೊಂಡರೆ ಯಂತ್ರಕ್ಕೇನು ಗೊತ್ತಾಗುತ್ತದೆ ಎಂದುಕೊಂಡ. ಹತ್ತು ಮುಕ್ಕಾಲಿಗೆ ಪೊಟ್ಟಣ ಖಾಲಿಯಾಗಿತ್ತು, ಪರದೆ ಶೇಕಡಾ 67ರಲ್ಲೇ ನಿಂತಿತ್ತು.

5. ಅರ್ಜಿದಾರ ಓಡಿಹೋಗಿ ಹೊಸ ಪೊಟ್ಟಣ ತಂದ, ಯಂತ್ರದ ಮುಂದೆ ತಪ್ಪೊಪ್ಪಿಕೊಂಡ, ಗುಂಡಿ ಒತ್ತಿ ಮೊದಲಿನಿಂದ ಆರಂಭಿಸಿದ. ಮಧ್ಯಾಹ್ನ ಮೂರಕ್ಕೆ ಎಲ್ಲ ಸುಸೂತ್ರವಾಗಿ ಮುಗಿಯಿತು. ಹಂದಿಮರಿ ಹೋಗಿತ್ತು. ಅರ್ಜಿದಾರನ ಹೆಮ್ಮೆ ಸೋಮವಾರ ಬೆಳಗಿನ ಗಂಜಿಯವರೆಗೆ ಇತ್ತು.

6. ಸೋಮವಾರ ಪತ್ನಿಯವರು ಡ್ರಾಯರು ಎಳೆದು, "ನನ್ನ ಕೆಂಪು ಪೆನ್‌ಡ್ರೈವ್ ಎಲ್ಲಿ?" ಎಂದರು. ಅದರಲ್ಲಿ ಅವರು ಆರು ವರ್ಷ ಮನೆಯಲ್ಲಿ ಅಭ್ಯಾಸ ಮಾಡಿ ಧ್ವನಿಮುದ್ರಿಸಿಕೊಂಡ ಇಪ್ಪತ್ತಮೂರು ಹಾಡುಗಳಿದ್ದವು. ಅರ್ಜಿದಾರ ನಡೆದದ್ದನ್ನು ಹೇಳಿದ. ಪತ್ನಿಯವರು ಬೈಯಲಿಲ್ಲ. ಗಂಜಿಯ ಬಟ್ಟಲು ಇಟ್ಟು ಎದ್ದುಹೋದರು. ಮೂವತ್ತೆಂಟು ವರ್ಷದಲ್ಲಿ ಅವರು ಬೈಯದೇ ಬಿಟ್ಟ ಮೊದಲ ತಪ್ಪು ಇದು.

7. ಪೆನ್‌ಡ್ರೈವನ್ನು ಅ-ತ್ಸುಂಗ್ ನಾಲ್ಕು ದಿನ ಇಟ್ಟುಕೊಂಡು ನೋಡಿ, "ಇಲ್ಲ ದೊಡ್ಡಪ್ಪ, ಅದರ ಮೇಲೇ ಬರೆದುಬಿಟ್ಟಿದೆ" ಎಂದು ಕೈಚೆಲ್ಲಿದ. ಆಮೇಲೆಯೇ, ಹಾಡುಗಳನ್ನು ಮರಳಿಸಿಕೊಡಿ ಎಂದು ತಮ್ಮ ಬಳಿಗೆ ಬಂದದ್ದು. ತಾವು ನಕ್ಕದ್ದು ಉಲ್ಲೇಖ 2ರಲ್ಲಿ ಬಂದಿದೆ.

8. ಮನೆಯಲ್ಲಿ ಹಾಡು ನಿಂತುಹೋಯಿತು. ಬಟ್ಟೆ ಒಣಹಾಕುವಾಗಲೂ ಇಲ್ಲ, ಹಸಿಮೆಣಸು ಹೆಚ್ಚುವಾಗಲೂ ಇಲ್ಲ. ಸ್ಪರ್ಧೆಗೆ ಹೆಸರು ಕೊಡುವುದಿಲ್ಲ ಎಂದು ಪತ್ನಿಯವರು ಮೇಲಿನ ಮನೆಯವರಿಗೆ ಹೇಳಿದ್ದು ಅರ್ಜಿದಾರನ ಕಿವಿಗೆ ಬಿತ್ತು. ಒಂಬತ್ತನೆಯ ದಿನ ಅರ್ಜಿದಾರ ತಡೆಯಲಾರದೆ ಕೇಳಿದ:
"ಹಾಡು ತಾನೆ ಲಿಯೆನ್‌ಚಿ, ಮತ್ತೆ ಹಾಡಿದ್ರೆ ಆಯ್ತಲ್ಲ?"
"ಹಾಡು ಮತ್ತೆ ಹಾಡ್ತೀನಿ ಕಣೋ, ನನ್ನ ಗಂಟಲು ಎಲ್ಲಿಗೂ ಹೋಗಿಲ್ಲ. ಏಳನೇ ಹಾಡಿನ ಕೊನೇಲಿ ಏನಿತ್ತು ಗೊತ್ತಾ ನಿಂಗೆ?"
"ಏನಿತ್ತು?"
"ನೀನಿದ್ದೆ. ಅಡುಗೆಮನೇಲಿ ಮೀನು ಉಜ್ತಾ ಇದ್ದೆ. ನಲ್ಲಿ ನೀರಿನ ಸದ್ದು ಕೇಳ್ಸುತ್ತೆ. ನಾನು ಹಾಡಿ ಮುಗಿಸ್ತಿದ್ದ ಹಾಗೇ ನೀನೊಂದು ಮಾತು ಅಂದೆ. ಮೂವತ್ತೆಂಟು ವರ್ಷಕ್ಕೆ ಅದೊಂದೇ. ಅದನ್ನ ಕೇಳ್ಕೊಂಡೇ ನಾನು ಪ್ರತಿವರ್ಷ ವೇದಿಕೆ ಹತ್ತುತ್ತಿದ್ದೆ. ಈಗ ಏನು ಕೇಳ್ಕೊಂಡು ಹತ್ಲಿ? ನಿನ್ನ ಶೇಕಡಾ ಅರವತ್ತೇಳನ್ನಾ?"
ಅರ್ಜಿದಾರನಿಗೆ ಆ ಮಾತು ಆಡಿದ ನೆನಪೇ ಇರಲಿಲ್ಲ. ಏನೆಂದೆ ಎಂದು ಕೇಳಿದ. ಅವರು ಹೇಳಿದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ಅರ್ಜಿದಾರನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

9. ಸದರಿ ಮಾತನ್ನು ಮತ್ತೆ ಹೇಳಿಬಿಟ್ಟರೆ ಮುಗಿಯಿತಲ್ಲ ಎಂದು ತಾವು ಕೇಳಬಹುದು. ಅರ್ಜಿದಾರ ಮೂರು ಸಲ ಪ್ರಯತ್ನಪಟ್ಟಿದ್ದಾನೆ. ಮೊದಲನೆಯ ಸಲ ಬಾಯಿ ತೆರೆದಾಗ "ಸಾರಿಗೆ ಉಪ್ಪು ಸಾಲದು" ಎಂದು ಬಂತು. ಎರಡನೆಯ ಸಲ ಓಣಿಯಲ್ಲಿ ಕಸದ ಗಾಡಿಯ ಸಂಗೀತ ಕೇಳಿ, "ಗಾಡಿ ಬಂತು, ಚೀಲ ಕೊಡು" ಎಂದ. ಮೂರನೆಯ ಸಲ ಬಚ್ಚಲಿನ ಬಾಗಿಲಿಗೆ ಮುಖ ಕೊಟ್ಟು ಪೂರ್ತಿ ಹೇಳಿಯೇಬಿಟ್ಟ. ಪತ್ನಿಯವರು ಆಗ ಮಾರುಕಟ್ಟೆಗೆ ಹೋಗಿದ್ದರು. ಟಿಕೆಟ್ ಕಿಟಕಿಯ ಗಾಜಿನ ಹಿಂದೆ ಆಯುಷ್ಯ ಕಳೆದವನಿಗೆ ಎದುರಿಗೆ ಗಾಜಿಲ್ಲದಿದ್ದರೆ ಬಾಯಿ ಕಟ್ಟುತ್ತದೆ. ಆದರೆ ಕಾಗದದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದುವುದು ಅವನಿಗೆ ಕಷ್ಟವಲ್ಲ.

10. ತಮಗೆ ಸಲ್ಲಿಸುವ ಅರ್ಜಿಯನ್ನು ತಮ್ಮೆದುರು ಗಟ್ಟಿಯಾಗಿ ಓದಿದ ಮೇಲೆಯೇ ಸುಡಬೇಕೆಂಬ ಪದ್ಧತಿಯಿದೆ. ತಿಂಗಳ ಒಂದನೇ ದಿನ ತಮಗೆ ಮೂರು ಬಟ್ಟಲು ಚಹಾ ಇಡುವ ಸರದಿ ಶ್ರೀಮತಿ ಲಿಯೆನ್‌ಚಿಯವರದು. ಆದ್ದರಿಂದ ಈ ಅರ್ಜಿ ಓದುತ್ತಿರುವ ಈ ಘಳಿಗೆಯಲ್ಲಿ ಅವರು ಕೆಟಲು ಹಿಡಿದು ಧೂಪದ ಮೇಜಿನ ಹಿಂದೆಯೇ ನಿಂತಿರುತ್ತಾರೆ. ಇದು ಆಕಸ್ಮಿಕವಲ್ಲ. ಸ್ಪರ್ಧೆಗೆ ಹೆಸರು ಕೊಡಲು ಇಂದು ಸಂಜೆ ಐದು ಗಂಟೆ ಕೊನೆಯ ಗಡುವು ಎಂಬುದೂ ತಮ್ಮ ಗಮನದಲ್ಲಿರಲಿ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಸದರಿ ಮಾತನ್ನು ಎರಡನೇ ಸಲ ಹೇಳಲು ಅನುಮತಿ ನೀಡಬೇಕಾಗಿ ಕೋರಲಾಗಿದೆ. ಅನುಮತಿ ಬರುವವರೆಗೆ ಕಾಯುವಷ್ಟು ಸಮಯವಿಲ್ಲದ ಕಾರಣ, ಮಾತು ಈ ಕೆಳಗಿನಂತಿದೆ:

"ಇನ್ನೊಂದು ಸಲ ಹಾಡೇ, ಲಿಯೆನ್‌ಚಿ. ಎಷ್ಟು ಚೆನ್ನಾಗಿತ್ತು."

ತಮ್ಮ ವಿಶ್ವಾಸಿ,
ಶಿಯಾವ್ ತಿಂಗ್‌ಮು

ಲಗತ್ತುಗಳು:
1. ಹಸಿರು ಪೊಟ್ಟಣ, ಹೊಸದು, ಒಂದು. (ಅವಧಿ ಮುಂದಿನ ವರ್ಷದವರೆಗಿದೆ. ಅರ್ಜಿದಾರ ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಬಂದಿದ್ದಾನೆ.)
2. ಹಸಿರು ಪೊಟ್ಟಣ, ಖಾಲಿ, ಒಂದು. ಅಪರಾಧದ ಸಾಕ್ಷ್ಯವಾಗಿ.
3. ಕೆಂಪು ಪೆನ್‌ಡ್ರೈವ್, ಒಂದು. ಈ ಸಲ ನೋಡಲಾಗಿದೆ, ಖಾಲಿ ಇದೆ.
4. ಸದರಿ ಲ್ಯಾಪ್‌ಟಾಪ್. ಧೂಪದ ಮೇಜಿನ ಕೆಳಗೆ, ಧ್ವನಿಮುದ್ರಣ ಚಾಲೂ ಸ್ಥಿತಿಯಲ್ಲಿ.

ಕೊನೆಯ ಕೋರಿಕೆ: ಧ್ವನಿಮುದ್ರಣ ನಡೆಯುತ್ತಿರುವುದರಿಂದ, ಇನ್ನೊಂದು ಸಲ ಓದಬೇಕೆಂದು ಚಹಾದ ಕೆಟಲಿನ ಕಡೆಯಿಂದ ಆಜ್ಞೆ ಬಂದಲ್ಲಿ, ಆ ಹೊತ್ತಿಗೆ ಗುಡಿಯಲ್ಲಿರುವ ಯಾರೂ ಕೆಮ್ಮಬಾರದಾಗಿಯೂ, ತಾವು ನಗಬಾರದಾಗಿಯೂ ವಿನಂತಿ.