ಸಿಹಿನೀರಿನ ಊರಿಗೆ ಉಪ್ಪು ತೆಗೆಯುವ ಯಂತ್ರ

ಕೂಸಿಗೆ ಹಾಲು ಕುಡಿಸುವ ಹೊತ್ತಿಗೆ ಸರಿಯಾಗಿ ಬಾಗಿಲು ಬಡಿಯುವುದನ್ನು ಯಾವ ಇಲಾಖೆ ಕಲಿಸಿಕೊಟ್ಟಿತೆಂದು ಭಾನುಪ್ರಿಯ ಆ ವಾರ ಮೂರನೆಯ ಸಲ ಕೇಳಿದಳು. ಎಂಜಿನಿಯರ್ ಜಯಕುಮಾರ್, ಎದುರಿನ ಬೀದಿ ನಲ್ಲಿಯನ್ನು ಬಂದ್ ಮಾಡಲಾಗಿದೆ ಎಂದು ತಿಳಿಸಿದರು.

"ಕೂಸಿನ ಹಾಲಿಗೆ ಬೆರೆಸೋದು ಅದೇ ನೀರು ಕಣ್ ಸಾ! ಒಳ್ಳೆ ಸೀ ನೀರು!"

"ಅದೇ ತೊಂದರೆಯಮ್ಮ. ಇನ್ನು ಮುಂದೆ ನೀರು ಯಂತ್ರದಿಂದಲೇ ಬರಬೇಕು. ಉಪ್ಪಿಲ್ಲದ ನೀರಿಗೆ ಯಂತ್ರ ಚಾಲೂ ಮಾಡಲು ನಿಯಮದಲ್ಲಿ ಅವಕಾಶವಿಲ್ಲ."

ಚನ್ನಪಟ್ಟಣ ತಾಲ್ಲೂಕಿನ ಹುಣಸೆಕೊಪ್ಪಲಿಗೆ ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಮಂಜೂರಾದದ್ದು 2008ರಲ್ಲಿ. ಒಳಗೆ ಪ್ಲಾಸ್ಟಿಕ್ ಹಾಳೆಯಂಥ ಪೊರೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆಗಳ ಲೇಪ. ನೀರು ದಾಟುತ್ತದೆ, ಉಪ್ಪು ದಾಟುವುದಿಲ್ಲ. ಊರಿನಲ್ಲಿ ಸಮುದ್ರವಿಲ್ಲದಿರುವುದು ಯಂತ್ರವನ್ನು ಲಾರಿಯಿಂದ ಇಳಿಸಿದ ಮೇಲೆ ಗಮನಕ್ಕೆ ಬಂತು. ಇದನ್ನು ಊರಿನ ಕಡೆಯ ಲೋಪವೆಂದು ದಾಖಲಿಸಲಾಯಿತು.

ಭಾನುಪ್ರಿಯಳ ಅತ್ತೆ ಮಾಯಮ್ಮ ಪೊರೆಯನ್ನು ಮುಟ್ಟಲು ಹೋದಳು. "ನಮ್ ಒಲೆ ಮಸಿ ಇದ್ದಂಗೈತಲ್ಲ!"

"ಮುಟ್ಟಬೇಡಿ ಅಜ್ಜಿ, ಇದು ಸಂಶೋಧನೆಯ ಮಸಿ."

ಮರುದಿನ ಪ್ರಕಟಣೆ ಬಂತು: "ಪ್ರತಿ ಮನೆಯವರು ದಿನಕ್ಕೊಂದು ಸೇರು ಕಲ್ಲುಪ್ಪನ್ನು ಊರ ಟ್ಯಾಂಕಿಗೆ ಸುರಿದು ತಮ್ಮ ಅರ್ಹತೆಯನ್ನು ಕಾಪಾಡಿಕೊಳ್ಳತಕ್ಕದ್ದು."

ಉಪ್ಪು ಅಳೆಯುವ ಮೀಟರ್ ಬಂದಿರಲಿಲ್ಲವಾಗಿ, ಸಾರಿಗೆ ಹದವಾಗಿ ಉಪ್ಪು ಹಾಕುವವಳೆಂದು ಹೆಸರಾದ ಭಾನುಪ್ರಿಯಳನ್ನು ರುಚಿ ಪರೀಕ್ಷಕಿಯಾಗಿ ನೇಮಿಸಲಾಯಿತು. ಅವಳು ಬೆರಳದ್ದಿ ನೆಕ್ಕಿ "ಸಮುದ್ರ" ಎಂದರೆ ಮಾತ್ರ ಯಂತ್ರ ಚಾಲೂ.

"ಸಮುದ್ರ ನೋಡಿದ್ದೀರಾ?"

"ಟೀವೀಲಿ ನೋಡಿವ್ನಿ ಸಾ."

"ಸಾಕು."

ಕೂಸಿನ ಹಾಲನ್ನು ನೆನೆದು ಅವಳು ದಿನವೂ ಬಾಯಿ ತುಂಬ "ಸಮುದ್ರ" ಎಂದಳು. ಯಂತ್ರ ನೂರು ಕೊಡಕ್ಕೆ ನಲವತ್ತು ಕೊಡ ಸಿಹಿನೀರು ಕೊಟ್ಟಿತು. ಮೊದಲಿನ ನೀರಿನಂತೆಯೇ ಇತ್ತು, ಕೂಸು ಕುಡಿಯಿತು. ಉಳಿದ ಅರವತ್ತು ಕೊಡ ಉಪ್ಪುನೀರನ್ನು ಬಾವಿ ಪಕ್ಕದ ಹಳ್ಳಕ್ಕೆ ಬಿಟ್ಟರು. ವರ್ಷ ತುಂಬುವುದರೊಳಗೆ ಬಾವಿಯೂ ಉಪ್ಪಾಯಿತು, ಬೋರ್‌ವೆಲ್ಲೂ ಉಪ್ಪಾಯಿತು.

ಪಂಚಾಯ್ತಿ ಸದಸ್ಯ ಗಂಗಹನುಮಯ್ಯ ಹಾರ ಹಿಡಿದು ಬಂದರು. "ಇನ್ಮೇಲೆ ಯಾರೂ ಉಪ್ಪು ಸುರಿಯಂಗಿಲ್ಲ ಕಣ್ರಪ್ಪ! ನಮ್ಮೂರು ತಾನಾಗೇ ಪಾಸಾಗೈತೆ!" ಊರೆಲ್ಲ ಚಪ್ಪಾಳೆ ತಟ್ಟಿತು. ಯಂತ್ರವಿಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದು ಮಾಯಮ್ಮ ಕೈಮುಗಿದಳು.

ಜಯಕುಮಾರ್ ಫಲಾನುಭವಿಯ ಫಾರಂ ತೆಗೆದರು. ಕಂಕುಳಲ್ಲಿ ಕೂಸು ಹೊತ್ತ ಭಾನುಪ್ರಿಯ ಎಲ್ಲಕ್ಕೂ ಪಟಪಟನೆ ಉತ್ತರ ಬರೆದು, ಕೊನೆಯ ಪ್ರಶ್ನೆಯನ್ನು ಮಾತ್ರ ಎರಡೆರಡು ಸಲ ಓದಿದಳು:

"ಯೋಜನೆಗೆ ಮೊದಲು ನಿಮ್ಮ ನೀರು ಹೇಗಿತ್ತು? ಉಪ್ಪೋ, ಬಹಳ ಉಪ್ಪೋ?"